ಅಕ್ಕ ಓದದೆ ಬಿಟ್ಟ ಹಾಳೆಗಳು

ನಾನು ಚಿಕ್ಕವಳಿದ್ದಾಗ ಊಟಿ ಬಳಿಯ ನಂಜನಾಡಿನ ನಮ್ಮ ಮನೆಗೆ ಕಾದಂಬರಿಗಳು ಆಲೂಗಡ್ಡೆ ಲಾರಿಯಲ್ಲಿ ಬರುತ್ತಿದ್ದವು. ಲಾರಿ ಓಡಿಸುತ್ತಿದ್ದವರು ಮಾವ, ಅಮ್ಮನ ತಮ್ಮ. ಹದಿನೈದು ದಿನಕ್ಕೊಮ್ಮೆ ಅವರು ಮೈಸೂರಿನಿಂದ ಹೊರಟು, ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಗೂಡಲೂರಿನ ಮೇಲೆ ಬೆಟ್ಟ ಹತ್ತಿ ಬರುತ್ತಿದ್ದರು. ಬರುವಾಗ ಮೈಸೂರಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಕನ್ನಡ ಕಾದಂಬರಿಯನ್ನು ಸೀಟಿನ ಕೆಳಗೆ ಇಟ್ಟುಕೊಂಡು ತರುತ್ತಿದ್ದರು. ಮುಂದಿನ ಸಲ ಬಂದಾಗ ಅದನ್ನು ಒಯ್ದು ಬೇರೊಂದನ್ನು ಕೊಡುತ್ತಿದ್ದರು. ಮಾವನಿಗೆ ಓದುವ ಅಭ್ಯಾಸ ಇರಲಿಲ್ಲ. ದಪ್ಪ ನೋಡಿ ಆರಿಸುತ್ತಿದ್ದರು. ಹಾಗಾಗಿ ನಮಗೆ ಸಿಕ್ಕಿದ ಪುಸ್ತಕಗಳೆಲ್ಲ ದಪ್ಪವಾಗಿರುತ್ತಿದ್ದವು, ಡೀಸೆಲ್ ಮತ್ತು ಗೋಣಿಚೀಲದ ವಾಸನೆ ಹೊಡೆಯುತ್ತಿದ್ದವು.

ನಮ್ಮ ತಾತ ಮೈಸೂರಿನ ಕಡೆಯಿಂದ ಬೆಟ್ಟಕ್ಕೆ ಬಂದು ಬೇಸಾಯಕ್ಕೆ ನಿಂತವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಮೇಲಿನ ಹಟ್ಟಿಯಲ್ಲಿದ್ದ ಬೆಟ್ಟದ ಜನ ಬಡಗರ ಜೊತೆ ಅರ್ಧ ಅವರ ಮಾತು, ಅರ್ಧ ನಮ್ಮ ಮಾತು. ಕನ್ನಡ ಮಾತಾಡುವವರು ಮನೆ ತುಂಬ ಇದ್ದರೂ ಸರಾಗವಾಗಿ ಓದುವವಳು ಅಕ್ಕ ಒಬ್ಬಳೇ. ಅವಳು ಆರನೇ ವಯಸ್ಸಿನಿಂದ ಏಳನೇ ತರಗತಿ ಮುಗಿಯುವವರೆಗೆ ಮೈಸೂರಿನ ಕಡೆಯ ಅಜ್ಜಿಯ ಮನೆಯಲ್ಲಿದ್ದು ಓದಿ ಬಂದಿದ್ದಳು. ನಾನು ಹೇಳಹೊರಟ ದಿನಕ್ಕೆ ಅವಳಿಗೆ ಹದಿನಾರು, ನನಗೆ ಒಂಬತ್ತು. ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ಅವಳ ಪಕ್ಕ ಕುಳಿತು, ಅವಳು ಗಟ್ಟಿಯಾಗಿ ಓದುವಾಗ ಸಾಲಿನ ಮೇಲೆ ಕಣ್ಣು ಓಡಿಸುತ್ತ. ಒತ್ತಕ್ಷರ ಬಂದರೆ ಈಗಲೂ ನನ್ನ ತುಟಿ ಸಣ್ಣಗೆ ಅಲ್ಲಾಡುತ್ತದೆ. ಮೊಮ್ಮಕ್ಕಳು ನಗುತ್ತಾರೆ.

ಓದು ನಡೆಯುತ್ತಿದ್ದದ್ದು ಹೊಲದ ಅಂಚಿನ ತಗಡಿನ ಶೆಡ್ಡಿನಲ್ಲಿ. ಅಗೆದ ಆಲೂಗಡ್ಡೆಯನ್ನು ಅಲ್ಲಿ ರಾಶಿ ಹಾಕಿ, ಹೆಂಗಸರು ಸುತ್ತ ಗೋಣಿ ಹಾಸಿಕೊಂಡು ಕುಳಿತು ಆರಿಸುತ್ತಿದ್ದರು. ದಪ್ಪದ್ದು ಒಂದು ಕಡೆ, ನಡುತರದ್ದು ಒಂದು ಕಡೆ, ಗೋಲಿಯಷ್ಟು ಇರುವುದು ಇನ್ನೊಂದು ಕಡೆ. ನೆಲದ ತಂಪು ಗೋಣಿಯನ್ನು ದಾಟಿ ಮೇಲಕ್ಕೆ ಹತ್ತುತ್ತಿತ್ತು. ಮೂಲೆಯಲ್ಲಿ ಹಳೆಯ ಬಾಣಲೆಯೊಂದರಲ್ಲಿ ನೀಲಗಿರಿ ಮರದ ಚಕ್ಕೆ ಉರಿಯುತ್ತಿತ್ತು. ಅದರ ಹೊಗೆಗೆ ಕಣ್ಣಲ್ಲಿ ನೀರು ಬಂದರೂ ಯಾರೂ ಅದರಿಂದ ದೂರ ಸರಿಯುತ್ತಿರಲಿಲ್ಲ. ಬೆಳಗಿನಿಂದ ಬಗ್ಗಿ ಅಗೆದ ಬೆನ್ನುಗಳು ಅವು. ಮಧ್ಯಾಹ್ನ ಊಟವಾದ ಮೇಲೆ ಕುಳಿತಲ್ಲೇ ಕಣ್ಣು ಕೂರುತ್ತಿತ್ತು, ಕೈ ನಿಲ್ಲುತ್ತಿತ್ತು. ಅಕ್ಕ ಓದಲು ಶುರು ಮಾಡಿದ್ದೇ ಆ ನಿದ್ದೆ ಓಡಿಸಲು. ಮೊದಮೊದಲು ಅಪ್ಪ ಗೊಣಗಿದರು. ಕಥೆ ಕೇಳುವಾಗ ಕೈಗಳು ಬೇಗ ಓಡುವುದನ್ನು ಕಂಡ ಮೇಲೆ ಅಕ್ಕನಿಗೆ ಆರಿಸುವ ಕೆಲಸ ತಪ್ಪಿತು. ತುಂಬಿದ ಚೀಲದ ಬಾಯಿಯನ್ನು ದಬ್ಬಳದಲ್ಲಿ ಹೊಲಿಯುತ್ತ ಅಪ್ಪನೂ ಕೇಳತೊಡಗಿದರು.

ದಿನದ ಓದು ಮುಗಿದ ಮೇಲೆ ಒಬ್ಬೊಬ್ಬರೂ ಅಭಿಪ್ರಾಯ ಹೇಳಬೇಕು. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ, ಅದು ಹಾಗೇ ನಡೆದು ಬಂದಿತ್ತು. ಅಪ್ಪನ ಪ್ರಶ್ನೆ ಯಾವಾಗಲೂ ಒಂದೇ. ಕಥೆಯವರಿಗೆ ಹೊಲ ಎಷ್ಟಿತ್ತು, ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳುವರು. ಅದು ಬರೆದಿಲ್ಲವೆಂದರೆ ಬರೆದವರಿಗೆ ಏನೂ ತಿಳಿಯದು ಎಂದು ತೀರ್ಮಾನಿಸಿಬಿಡುವರು. ಮೇಲಿನ ಹಟ್ಟಿಯಿಂದ ಕೆಲಸಕ್ಕೆ ಬರುತ್ತಿದ್ದ ಬಡಗರ ಅಜ್ಜಿಯೊಬ್ಬಳಿದ್ದಳು. ಬಿಳಿ ಸೀರೆ, ಹಣೆಯ ಮೇಲೆ ಹಚ್ಚೆ, ಬಾಯಲ್ಲಿ ಎರಡೇ ಹಲ್ಲು. ನಮ್ಮ ಪುಸ್ತಕದ ಕನ್ನಡ ಅವಳಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಉಳಿದದ್ದನ್ನು ಅಮ್ಮ ಹೇಳುತ್ತಿದ್ದಳು. ಅವಳ ದೂರು ಏನೆಂದರೆ, ಈ ಪುಸ್ತಕದ ಜನ ಊಟವನ್ನೇ ಮಾಡುವುದಿಲ್ಲ, ಬರೀ ಮಾತಾಡುತ್ತಾರೆ, ಅಳುತ್ತಾರೆ. ಅಮ್ಮ ಸೊಸೆಯ ಕಥೆಯಲ್ಲೂ ಅತ್ತೆಯ ಪಕ್ಷ ವಹಿಸುತ್ತಿದ್ದಳು. ಯಾಕೆಂದು ಕೇಳಿದರೆ, ಅತ್ತೆಗೆ ವಯಸ್ಸಾಗಿರುತ್ತದೆ, ಸುಸ್ತಾಗಿರುತ್ತದೆ, ಅದನ್ನು ಯಾರೂ ಬರೆಯುವುದಿಲ್ಲ ಎನ್ನುತ್ತಿದ್ದಳು.

ದೊಡ್ಡಮ್ಮ ಮಾತ್ರ ಅಭಿಪ್ರಾಯ ಹೇಳುತ್ತಿರಲಿಲ್ಲ. ಅವಳು ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡ ಮೇಲೂ ನಮ್ಮ ಜೊತೆಯಲ್ಲೇ ಇದ್ದಳು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು, ಹೊಲದಲ್ಲಿ ಎಲ್ಲರಿಗಿಂತ ಕೊನೆಗೆ ಸೊಂಟ ನೆಟ್ಟಗೆ ಮಾಡುವವಳು ಅವಳೇ. ಅವಳ ಸರದಿ ಬಂದಾಗ "ಚೆನ್ನಾಗಿತ್ತು" ಎಂದು ಹೇಳಿ ಮುಂದಿನ ಗೆಡ್ಡೆ ಎತ್ತಿಕೊಳ್ಳುತ್ತಿದ್ದಳು. ಅವಳಿಗೆ ಮಕ್ಕಳಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು. ಒಬ್ಬ ಮಗ ಇದ್ದ, ನಾನು ಹುಟ್ಟುವ ಮೊದಲೇ ಆರು ವರ್ಷದವನಾಗಿದ್ದಾಗ ಹೋಗಿಬಿಟ್ಟ ಎಂಬುದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಅವನ ಮಾತು ಎತ್ತುತ್ತಿರಲಿಲ್ಲ.

ಆ ಸಲ ಮಾವ ತಂದ ಕಾದಂಬರಿಗೆ ರಟ್ಟು ಇರಲಿಲ್ಲ. ಹೆಸರೇನೋ ಬರೆದವರು ಯಾರೋ ನಮಗೆ ತಿಳಿಯಲೇ ಇಲ್ಲ. ಬಸ್ಸು ನಿಲ್ಲುವ ಕಡೆ ಇಡ್ಲಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸಿನ ಕಥೆ ಅದು. ಗಂಡ ಬಿಟ್ಟುಹೋಗಿದ್ದಾನೆ, ಏಳು ವರ್ಷದ ಮಗನೊಬ್ಬನಿದ್ದಾನೆ. ಗಂಡನ ಮನೆಯವರು ಬಂದು ಹುಡುಗನನ್ನು ತಮಗೆ ಒಪ್ಪಿಸು ಎನ್ನುತ್ತಾರೆ. ಕೊಡಬೇಕೇ ಬೇಡವೇ ಎಂದು ನಮ್ಮ ಶೆಡ್ಡಿನಲ್ಲಿ ಹದಿನಾಲ್ಕು ದಿನ ವಾದ ನಡೆದಿತ್ತು. ಕೊಡಬಾರದು ಎಂದು ಅಕ್ಕ. ಅಜ್ಜ ಅಜ್ಜಿಯ ಹೊಟ್ಟೆಯೂ ಉರಿಯುವುದಿಲ್ಲವೇ ಎಂದು ಅಮ್ಮ. ಇಡ್ಲಿ ಅಂಗಡಿಯ ಕಥೆಯಾದ್ದರಿಂದ ಹಟ್ಟಿಯ ಅಜ್ಜಿಗೆ ಮೊದಲ ಬಾರಿ ಪುಸ್ತಕದ ಮೇಲೆ ಪ್ರೀತಿ ಬಂದಿತ್ತು. ಹೊಲವೇ ಇಲ್ಲದ ಕಥೆ ಎಂದು ಅಪ್ಪನಿಗೆ ಬೇಸರ. ಮುಂದೆ ಏನಾಗುತ್ತದೆಂದು ಒಬ್ಬಳೇ ಕದ್ದು ಓದಬಾರದು ಎಂದು ಅಕ್ಕನಿಂದ ಮಾತು ತೆಗೆದುಕೊಂಡಿದ್ದರು. ಅವಳೂ ಮಾತಿಗೆ ತಪ್ಪಿರಲಿಲ್ಲ.

ಹದಿನೈದನೆಯ ದಿನ ಮಾರ್ಗಳಿಯ, ಅಂದರೆ ಧನುರ್ಮಾಸದ, ಚಳಿ. ಬೆಳಿಗ್ಗೆ ಎದ್ದು ನೋಡಿದರೆ ಕೆಳಗಿನ ಹುಲ್ಲುಬಯಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಇನ್ನೆರಡು ಪಟ್ಟೆ ಹೊಲ ಅಗೆಯಬೇಕಿತ್ತು, ಸಂಜೆಗೆ ಮಾವನ ಲಾರಿ ಬಂದು ಲೋಡು ಹೊತ್ತು ಹೋಗಬೇಕಿತ್ತು. ಹಾಗಾಗಿ ಶಾಲೆಗೆ ಕಳಿಸದೆ ನನ್ನನ್ನೂ ಹೊಲಕ್ಕೆ ಇಳಿಸಿದರು. ದೊಡ್ಡವರು ಗುದ್ದಲಿಯಿಂದ ಮಣ್ಣು ಬಿಡಿಸಿದಲ್ಲಿ ನಾನು ಕೈ ಹಾಕಿ ಗೆಡ್ಡೆ ಹೆಕ್ಕಬೇಕು. ಮಣ್ಣು ಮಂಜುಗಡ್ಡೆಯ ಹಾಗಿತ್ತು. ಉಗುರಿನ ಸಂದಿ ಜುಮ್ಮೆನ್ನುತ್ತ ಆಮೇಲೆ ಬೆರಳೇ ಇಲ್ಲದ ಹಾಗಾಯಿತು. ಅಮ್ಮನ ಹಿಮ್ಮಡಿಯ ಬಿರುಕಿನಿಂದ ರಕ್ತ ಬಂದು ಮಣ್ಣಿಗೆ ಅಂಟಿತ್ತು. ಅವಳು ಅದನ್ನು ನೋಡಿಯೂ ನೋಡದವಳಂತೆ ಮುಂದಿನ ಸಾಲಿಗೆ ಹೋದಳು. ಮಧ್ಯಾಹ್ನ ಹೊಲದ ಬದುವಿನಲ್ಲೇ ಮುದ್ದೆ, ಅವರೆಕಾಳಿನ ಸಾರು. ಯಾರಿಗೂ ಮಾತಾಡುವ ಶಕ್ತಿ ಇರಲಿಲ್ಲ. ಅಪ್ಪ ಕೈ ತೊಳೆದುಕೊಂಡು ಆಕಾಶ ನೋಡಿ, ಇವತ್ತು ಓದು ಬೇಡ, ಕೆಲಸ ಮುಗಿಯಲಿ ಎಂದರು. ಪುಸ್ತಕ ಇವತ್ತು ಲಾರಿ ಹತ್ತುತ್ತದೆ, ಇನ್ನು ಹದಿನೈದು ಹಾಳೆ ಇದೆ, ಅರ್ಧಕ್ಕೇ ಬಿಟ್ಟರೆ ಆ ಹುಡುಗನ ಗತಿ ಏನಾಯಿತೆಂದು ಯಾರಿಗೂ ತಿಳಿಯುವುದೇ ಇಲ್ಲ ಎಂದು ಅಕ್ಕ ಬೇಡಿಕೊಂಡಳು. ಅಪ್ಪ ಒಪ್ಪಿದರು.

ಶೆಡ್ಡಿನಲ್ಲಿ ಎಲ್ಲರೂ ಕುಳಿತರು. ಅಕ್ಕ ಓದಿದಳು. ಹುಡುಗನಿಗೆ ಜ್ವರ ಬರುತ್ತದೆ. ಮೊದಲ ದಿನ ಮೈ ಕೆಂಡ, ಮೂರನೆಯ ದಿನ ತುಟಿ ಒಣಗಿ ಸಿಪ್ಪೆ ಏಳುತ್ತದೆ, ಆರನೆಯ ದಿನ ಅವನು ಯಾರನ್ನೂ ಗುರುತಿಸದೆ ಹೊದಿಕೆಯ ಅಂಚನ್ನು ಬೆರಳಲ್ಲಿ ಕೀಳುತ್ತ ಮಲಗಿರುತ್ತಾನೆ. ಅಮ್ಮ ಎರಡು ಸಲ ಅಕ್ಕನ ಕಡೆ ನೋಡಿದಳು. ಆಮೇಲೆ ಮನೆಯಲ್ಲಿ ಒಲೆಯ ಮೇಲೆ ನೀರಿಟ್ಟು ಬಂದಿದ್ದೇನೆ, ಹೋಗಿ ನೋಡಿ ಬರುತ್ತೀಯಾ ಎಂದು ದೊಡ್ಡಮ್ಮನಿಗೆ ಹೇಳಿದಳು. ನೀರು ಕಾದರೆ ಕಾಯಲಿ ಎಂದು ದೊಡ್ಡಮ್ಮ ಕುಳಿತಲ್ಲಿಂದ ಕದಲಲಿಲ್ಲ. ಇನ್ನು ಸಾಕು, ಚೀಲ ಹಿಡಿಯಲು ಬಾ ಎಂದು ಅಪ್ಪ ಅಕ್ಕನನ್ನು ಕರೆದರು. ಅದಕ್ಕೂ ದೊಡ್ಡಮ್ಮ, ಇವಳು ಓದಲಿ, ಚೀಲ ನಾನು ಹಿಡಿಯುತ್ತೇನೆ ಎಂದಳು. ದೊಡ್ಡವರೆಲ್ಲ ಯಾಕೆ ಹೀಗೆ ಆಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

ಒಂಬತ್ತನೆಯ ದಿನದ ಜ್ವರಕ್ಕೆ ಬಂದಾಗ ಅಕ್ಕನ ದನಿ ಸ್ವಲ್ಪ ನಿಂತಿತು. ಅವಳ ಕಣ್ಣು ಹಾಳೆಯ ಕೆಳಗಿನ ತನಕ ಓಡಿಹೋಗಿ ಬಂದದ್ದನ್ನು ನಾನು ಕಂಡೆ. ಅವಳು ಆ ಹಾಳೆಯನ್ನೂ ಮುಂದಿನ ಎರಡು ಹಾಳೆಗಳನ್ನೂ ಒಟ್ಟಿಗೆ ಹಿಡಿದು ತಿರುವಿ, ಕೊನೆಯ ಪುಟ ತೆರೆದು, ಓದು ಮುಂದುವರಿಸಿದಳು. ಬೆಳಗಿನ ಹೊತ್ತಿಗೆ ಹುಡುಗನ ಮೈ ಬೆವರಿತು, ಜ್ವರ ಇಳಿಯಿತು, ಅವನು ಕಣ್ಣು ಬಿಟ್ಟು ಗಂಜಿ ಕೇಳಿದ. ಅಜ್ಜ ಅಜ್ಜಿ ಬಂದು ತಾಯಿಯ ಜೊತೆಯಲ್ಲೇ ಮಗ ಇರಲಿ ಎಂದರು. ಎಲ್ಲರೂ ಸುಖವಾಗಿದ್ದರು.

ನಾನು ಆ ಪುಟವನ್ನೇ ನೋಡುತ್ತಿದ್ದೆ. 'ಗಂಜಿ' ನನಗೆ ಚೆನ್ನಾಗಿ ಗೊತ್ತಿದ್ದ ಶಬ್ದ. ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. ಆ ಪುಟದಲ್ಲಿ ಗಂಜಿ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಕೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿತು.

ಎಲ್ಲರೂ ಉಸಿರು ಬಿಟ್ಟರು. ಒಳ್ಳೆಯದಾಯಿತು ಎಂದಳು ಅಮ್ಮ. ಅವಳ ದನಿಯಲ್ಲಿ ಅಕ್ಕನಿಗೆ ಹೇಳಿದ ಕೃತಜ್ಞತೆಯೂ ಇತ್ತು ಎಂದು ಈಗ ಅನ್ನಿಸುತ್ತದೆ. ಹುಡುಗ ಗಂಜಿ ಕುಡಿದದ್ದು ಹಟ್ಟಿಯ ಅಜ್ಜಿಗೆ ತುಂಬ ಹಿಡಿಸಿತು. ಇಡ್ಲಿ ಅಂಗಡಿಯ ಜಾಗ ಯಾರ ಹೆಸರಿನಲ್ಲಿತ್ತು ಎಂಬುದು ಕೊನೆಗೂ ತಿಳಿಯಲಿಲ್ಲ ಎಂದರು ಅಪ್ಪ. ಆಮೇಲೆ ವಾಡಿಕೆಯಂತೆ ದೊಡ್ಡಮ್ಮನ ಸರದಿ. ಅವಳು 'ಚೆನ್ನಾಗಿತ್ತು' ಎನ್ನುವಳೆಂದು ಕಾದೆವು.

ಅವಳು ಕೈಯಲ್ಲಿದ್ದ ಗೆಡ್ಡೆಯ ಮಣ್ಣನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದಳು.

"ಅಲ್ಲೀವರೆಗೆ ಸರಿಯಾಗಿ ಬರೆದಿದ್ದಾರೆ," ಎಂದಳು. "ತುಟಿ, ಹೊದಿಕೆ ಕೀಳೋದು, ಎಲ್ಲಾ ಹಾಗೇ ಇರುತ್ತೆ. ಆದರೆ ಅಷ್ಟು ಆದ ಮಗು ಬೆಳಿಗ್ಗೆ ಎದ್ದು ಗಂಜಿ ಕೇಳಲ್ಲ. ಈ ಕೊನೆ ಬರೆದವರಿಗೆ ಜ್ವರ ಗೊತ್ತಿಲ್ಲ."

 ಬಾಣಲೆಯಲ್ಲಿ ಚಕ್ಕೆಯೊಂದು ಚಟ್ಟೆಂದು ಸಿಡಿಯಿತು. ಅಕ್ಕನ ಕೈ ನನ್ನ ಮೊಣಕಾಲಿನ ಮೇಲೆ ಇನ್ನೂ ಇತ್ತು, ಆದರೆ ಒತ್ತುತ್ತಿರಲಿಲ್ಲ. ನನಗೆ ಬೆಳಗಿನಿಂದ ಬೆರಳು ನೋಯುತ್ತಿತ್ತು, ನಿದ್ದೆ ಬರುತ್ತಿತ್ತು, ಬರೆದವರ ಮೇಲೆ ಇಲ್ಲದ ತಪ್ಪು ಹೊರಿಸಿದ್ದು ಕೇಳಿ ಅದೇಕೋ ಸಹಿಸಲಾಗಲಿಲ್ಲ. ಅದು ಪುಸ್ತಕದಲ್ಲಿ ಇಲ್ಲವೇ ಇಲ್ಲ, ಅಕ್ಕ ಮೂರು ಹಾಳೆ ಬಿಟ್ಟುಬಿಟ್ಟಳು ಎಂದು ಹೇಳಿಬಿಟ್ಟೆ.

ಅಮ್ಮ ನನ್ನ ಬೆನ್ನಿಗೆ ಒಂದು ಕೊಟ್ಟಳು. ಅಕ್ಕ ಪುಸ್ತಕ ಮುಚ್ಚಿಟ್ಟು ಮುಖ ಕೆಳಗೆ ಹಾಕಿದಳು. ಅವಳ ಕಿವಿಯೆಲ್ಲ ಕೆಂಪಾಗಿತ್ತು. ಇವತ್ತಿಗೆ ಸಾಕು, ಲಾರಿ ಬರುವ ಹೊತ್ತಾಯಿತು, ಚೀಲ ಎತ್ತೋಣ ಎಂದು ಅಪ್ಪ ಎದ್ದರು. ಅಷ್ಟರಲ್ಲಿ ಲಾರಿ ಬಂದೇಬಿಟ್ಟಿತು. ತಿರುವಿನಲ್ಲಿ ಗೇರು ಬದಲಿಸುವ ಸದ್ದು ಕೇಳಿ, ಸ್ವಲ್ಪ ಹೊತ್ತಿಗೆ ಮಾವ ಕೈ ಉಜ್ಜಿಕೊಳ್ಳುತ್ತ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಕತ್ತಲಾಗುವ ಮೊದಲು ಕಾಡಿನ ದಾರಿ ದಾಟಬೇಕು ಎನ್ನುವುದು ಅವರ ಯಾವಾಗಿನ ಮಾತು. ಅದನ್ನು ಹೇಳಲು ಬಾಯಿ ತೆರೆದವರು ನಮ್ಮ ಮುಖ ನೋಡಿ ಬಾಗಿಲ ಚೌಕಟ್ಟಿಗೆ ಒರಗಿದರು.

"ಇರೋದನ್ನ ಓದು, ಮಗಾ," ಎಂದು ದೊಡ್ಡಮ್ಮ ಅಕ್ಕನಿಗೆ ಹೇಳಿದಳು.

ಬೇಡ, ಯಾಕೆ ಸುಮ್ಮನೆ, ಅದೊಂದು ಕಥೆ ತಾನೇ ಎಂದು ಅಮ್ಮ ನಡುವೆ ಬಂದಳು. ದೊಡ್ಡಮ್ಮ ಅವಳ ಕಡೆ ತಿರುಗಿದಳು. ಸಿಟ್ಟು ಇರಲಿಲ್ಲ. ಇಡೀ ದಿನ ಅಗೆದು ಬಂದವಳ ಮುಖ ಹೇಗಿರುತ್ತದೋ ಹಾಗೇ ಇತ್ತು.

"ಹನ್ನೆರಡು ವರ್ಷದಿಂದ ಎಲ್ಲರೂ ಹೀಗೇ ಮಾಡ್ತಾ ಇದ್ದೀರಿ. ಮಾತು ಅಲ್ಲಿಗೆ ಬಂದರೆ ಇನ್ನೊಂದು ಕಡೆ ತಿರುಗಿಸ್ತೀರಿ. ನೀರು ಕಾಯ್ತಾ ಇದೆ ಅಂತೀರಿ. ನನಗೆ ನೋವಾಗಬಾರದು ಅಂತ ಮಾಡ್ತೀರಿ, ಗೊತ್ತು. ಆದರೆ ನನಗೆ ಸಾಕಾಗಿದೆ."

ಅಕ್ಕ ಪುಸ್ತಕ ತೆರೆದಳು. ಬಿಟ್ಟ ಹಾಳೆಯ ಮೊದಲ ನಾಲ್ಕು ಸಾಲು ಓದಿದಳು. ಐದನೆಯದಕ್ಕೆ ದನಿ ಒಡೆಯಿತು. ಮತ್ತೆ ಪ್ರಯತ್ನಿಸಿದಳು, ಆಗಲಿಲ್ಲ. ದೊಡ್ಡಮ್ಮನ ಮಗ ಅಕ್ಕನನ್ನು ಗೋಣಿಚೀಲದ ಮೇಲೆ ಕೂರಿಸಿ ಹುಲ್ಲಿನ ಇಳಿಜಾರಿನಲ್ಲಿ ಎಳೆಯುತ್ತಿದ್ದನಂತೆ. ಆಗ ಇವಳಿಗೆ ನಾಲ್ಕು ವರ್ಷ. ಅದೊಂದೇ ಇವಳಿಗೆ ಅವನ ನೆನಪು. ಇದು ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ಅಕ್ಕ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು ಗೋಡೆಯ ಕಡೆ ತಿರುಗಿದಳು.

ನಾನು ಓದಿದೆ. ಅಕ್ಷರ ಅಕ್ಷರ ಕೂಡಿಸಿ, ಒತ್ತಕ್ಷರದಲ್ಲಿ ಎಡವಿ, ಒಂದು ಸಾಲಿಗೆ ಒಂದು ನಿಮಿಷ ಹಿಡಿಯುತ್ತಿತ್ತು. 'ಕಣ್ಣು ಮುಚ್ಚಿದ' ಎಂದು ಓದಿದಾಗ ಹುಡುಗ ಮಲಗಿದ ಎಂದೇ ತಿಳಿದೆ. ಮುಂದಿನ ಸಾಲಿನಲ್ಲಿ ತಾಯಿ ಅವನ ಅಂಗಿಯ ಗುಂಡಿ ಹಾಕಿದಳು ಎಂದಿತ್ತು. ಅದರ ಮುಂದಿನ ಸಾಲಿಗೆ ಬಂದಾಗ ನನಗೆ ತಿಳಿಯಿತು. ತಿಳಿದ ಮೇಲೂ ನಿಲ್ಲಿಸಲು ಧೈರ್ಯವಾಗದೆ ಓದುತ್ತ ಹೋದೆ. ಮಾವ ಬಾಗಿಲಿನಿಂದ ಒಳಗೆ ಬಂದು ಒಂದು ಮೂಟೆಯ ಮೇಲೆ ಕುಳಿತರು.  ಹಟ್ಟಿಯ ಅಜ್ಜಿ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು; ಅವಳ ಕೈ ಖಾಲಿ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೂರು ಹಾಳೆಯ ಕೊನೆಗೆ ಆ ತಾಯಿ ಬಾಗಿಲಲ್ಲಿ ಕುಸಿದು ಊರೆಲ್ಲ ಕೇಳುವ ಹಾಗೆ ಗೋಳಾಡುತ್ತಾಳೆ. ಕೊನೆಯ ಪುಟದಲ್ಲಿ ಒಂದು ತಿಂಗಳಾದ ಮೇಲೆ ಅಂಗಡಿಯ ಬಾಗಿಲು ತೆಗೆದು ಒಲೆ ಹೊತ್ತಿಸುತ್ತಾಳೆ. ಅಷ್ಟೇ. ಕಾದಂಬರಿ ಮುಗಿಯಿತು.

ನಾನು ದೊಡ್ಡಮ್ಮನ ಕಡೆ ನೋಡಲು ಹೆದರಿ ಪುಸ್ತಕವನ್ನೇ ನೋಡುತ್ತ ಕುಳಿತೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಅಭಿಪ್ರಾಯ.

"ಈಗ ಸರಿ ಇದೆ. ಗುಂಡಿ ಹಾಕಿದ್ದು ಸರಿ, ನಾನೂ ಹಾಕಿದ್ದೆ. ಒಂದು ಮಾತ್ರ ತಪ್ಪು ಬರೆದಿದ್ದಾರೆ. ಆಗ ಅಳು ಬರಲ್ಲ." ಕೈಯಲ್ಲಿದ್ದ ಗೆಡ್ಡೆಯನ್ನು ರಾಶಿಗೆ ಹಾಕಿ ಹೇಳಿದಳು, "ಹಸಿವಾಗುತ್ತೆ. ನಾಚಿಕೆ ಆಗೋ ಅಷ್ಟು ಹಸಿವು."

ಆಮೇಲೆ ಅವಳು ಹೇಳುತ್ತ ಹೋದಳು. ಕೆಳಗೆ ನೋಡುತ್ತ, ಒಂದೇ ದನಿಯಲ್ಲಿ, ನಡುನಡುವೆ ಗೆಡ್ಡೆ ಆರಿಸುತ್ತ. ಮಳೆಗಾಲದಲ್ಲಿ ಜ್ವರ ಬಂದದ್ದು, ದೊಡ್ಡಪ್ಪ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಊಟಿಯ ಆಸ್ಪತ್ರೆಗೆ ನಡೆದದ್ದು, ದಾರಿಯ ಮೇಲೆ ಮರ ಬಿದ್ದು ಬಸ್ಸು ನಿಂತಿದ್ದದ್ದು, ಹೊರಟ ಮೂರನೆಯ ದಿನ ಅದೇ ಕಂಬಳಿಯಲ್ಲಿ ವಾಪಸು ತಂದದ್ದು. ಹತ್ತು ದಿನ ಅವಳು ಸರಿಯಾಗಿ ಏನೂ ತಿಂದಿರಲಿಲ್ಲ. ಎಲ್ಲ ಮುಗಿಸಿ ಗಂಡಸರು ಸ್ನಾನ ಮಾಡಿ ಬಂದ ಮೇಲೆ ಅಡುಗೆಮನೆಯಲ್ಲಿ ಯಾರೋ ತಟ್ಟೆ ಕೊಟ್ಟರು. ಬೇಡ ಎನ್ನಬೇಕು ಎಂದುಕೊಂಡಳಂತೆ, ಕೈ ಕೇಳಲಿಲ್ಲ. ಎರಡು ಮುದ್ದೆ ತಿಂದಳು. ಅವನು ಹೋದ ದಿನ ಎರಡು ಮುದ್ದೆ ತಿಂದ ತಾಯಿ ನಾನು, ಇದನ್ನು ಯಾರಿಗೂ ಹೇಳಿರಲಿಲ್ಲ ಎಂದಳು.

"ನನಗೆ ಗೊತ್ತು," ಎಂದಳು ಅಮ್ಮ. "ಬಡಿಸಿದ್ದು ನಾನೇ."

ದೊಡ್ಡಮ್ಮ ತಲೆ ಎತ್ತಿ ಅಮ್ಮನನ್ನು ನೋಡಿದಳು. ಆ ದಿನದಿಂದಲೂ ಹನ್ನೆರಡು ವರ್ಷ ಒಂದೇ ಒಲೆಯ ಮುಂದೆ ಕುಳಿತವರು ಅವರಿಬ್ಬರೂ. ಉಳಿದಿದ್ದದ್ದು ಆ ಎರಡೇ ಮುದ್ದೆ, ಇನ್ನೊಂದು ಇದ್ದಿದ್ದರೆ ಅದನ್ನೂ ಹಾಕುತ್ತಿದ್ದೆ, ನೀನು ತಿಂದೆಯಲ್ಲ ಎಂದು ನನಗೆ ಜೀವ ಬಂದಿತ್ತು ಎಂದು ಅಮ್ಮ ಮೆಲ್ಲಗೆ ಹೇಳಿದಳು. ಆಗ ದೊಡ್ಡಮ್ಮ ಅತ್ತಳು. ಪುಸ್ತಕದ ತಾಯಿಯ ಹಾಗಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೆಮ್ಮು ತಡೆದುಕೊಳ್ಳುವವರ ಹಾಗೆ. ಹಟ್ಟಿಯ ಅಜ್ಜಿ ಹತ್ತಿರ ಸರಿದು ಅವಳ ಬೆನ್ನ ಮೇಲೆ ಕೈ ಇಟ್ಟಳು. ತನ್ನ ಗಂಡ ಹೋದ ದಿನ ತಾನೂ ಹೀಗೇ ಉಂಡಿದ್ದೆ ಎಂದು ತನ್ನ ಬಡಗ ಮಾತಿನಲ್ಲಿ ಹೇಳಿದಳು. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ದೊಡ್ಡಮ್ಮ ಕಣ್ಣೊರೆಸಿಕೊಂಡು ಅವನ ಹೆಸರು ಹೇಳಿದಳು. ಆ ಹೆಸರು ನಮ್ಮ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅದನ್ನು ಇಲ್ಲಿ ಬರೆಯುವುದಿಲ್ಲ; ಅದು ಅವಳದ್ದು. ಅಪ್ಪ ಬಾಗಿಲ ಹತ್ತಿರ ನಮಗೆ ಬೆನ್ನು ಹಾಕಿ ನಿಂತಿದ್ದರು. ಅವನು ನನ್ನ ಹೆಗಲ ಮೇಲೆ ಕುಳಿತು ಕಿವಿ ಹಿಡಿದುಕೊಂಡು ಎತ್ತು ಓಡಿಸಿದ ಹಾಗೆ ಓಡಿಸುತ್ತಿದ್ದ ಎಂದರು. ಅಪ್ಪ ಎಂಬ ಮನುಷ್ಯ ಹೊಲ, ನೀರು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ.

ಅಷ್ಟಾದ ಮೇಲೆ ಚೀಲಗಳನ್ನು ಲಾರಿಗೆ ಏರಿಸಿದರು. ಪುಸ್ತಕವನ್ನು ಅಕ್ಕ ತಾನೇ ಒಯ್ದು ಸೀಟಿನ ಕೆಳಗೆ ಇಟ್ಟಳು. ಮುಂದಿನ ಸಲ ನಗು ಬರುವ ಪುಸ್ತಕ ತರಲೇ ಎಂದು ಮಾವ ಕೇಳಿದರು. ಯಾವುದಾದರೂ ತನ್ನಿ, ಪೂರ್ತಿ ಓದುತ್ತೇವೆ ಎಂದಳು ಅಕ್ಕ. ಹೊರಡುವುದು ತಡವಾದ್ದರಿಂದ ಮಾವ ಆ ದಿನ ಕಾಡಿನ ದಾರಿ ಹಿಡಿಯದೆ ಗೂಡಲೂರಿನಲ್ಲೇ ಉಳಿದು ಬೆಳಿಗ್ಗೆ ಹೋದರಂತೆ. ನಾವು ಕೈಕಾಲು ತೊಳೆದು ಉಂಡು ಮಲಗಿದೆವು. ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದು ಹೆದರಿದ್ದೆ. ಅವಳು ನನ್ನ ಕಾಲನ್ನು ತನ್ನ ಎರಡು ಕಾಲುಗಳ ನಡುವೆ ಬೆಚ್ಚಗೆ ಹಿಡಿದು, ನಾಳೆಯಿಂದ ದಿನಕ್ಕೊಂದು ಪುಟ ನೀನೇ ಓದಬೇಕು ಎಂದಳು. ಹೂಂ ಅನ್ನುವಷ್ಟರಲ್ಲಿ ನಿದ್ದೆ ಬಂದಿತ್ತು.

ಆಮೇಲೆ ದೊಡ್ಡಮ್ಮನಷ್ಟು ಖಾರವಾಗಿ ಕಾದಂಬರಿಗಳ ಬಗ್ಗೆ ಮಾತಾಡಿದವರು ನಮ್ಮ ಶೆಡ್ಡಿನಲ್ಲಿ ಇನ್ನೊಬ್ಬರಿರಲಿಲ್ಲ. ಇದು ಬಿಸಿಲು ಕಾಣದವರು ಬರೆದದ್ದು, ಇದು ಹೆರಿಗೆ ನೋಡದವರು ಬರೆದದ್ದು, ಇವಳು ಮಾತ್ರ ಪಾತ್ರೆ ತೊಳೆದವಳು ಎಂದು ಒಂದೊಂದು ಪುಸ್ತಕಕ್ಕೂ ತೀರ್ಪು ಕೊಡುತ್ತಿದ್ದಳು. ಮಗನ ಮಾತು ಮನೆಯಲ್ಲಿ ಸಹಜವಾಗಿ ಬಂದು ಹೋಗತೊಡಗಿತು. ದೇವರ ಮುಂದೆ ದೀಪ ಹಚ್ಚುವಾಗ ಅವನ ಹೆಸರನ್ನೂ ಹೇಳುತ್ತಿದ್ದೆವು. ಅಕ್ಕ ಮದುವೆಯಾಗಿ ಮಸಿನಗುಡಿಗೆ ಹೋದ ಮೇಲೆ ಓದುವ ಕೆಲಸ ನನ್ನದಾಯಿತು. ದೊಡ್ಡಮ್ಮನ ದುಃಖ ಕಡಿಮೆಯಾಯಿತೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಅವಳ ಸುಸ್ತು ಸ್ವಲ್ಪ ಕಡಿಮೆಯಾದ ಹಾಗಿತ್ತು.

ಈಗ ನಾನು ಕೂನೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ನನ್ನ ಮೊಮ್ಮಗನಿಗೆ ಪುಸ್ತಕ ಬೇಕೆಂದರೆ ಫೋನಿನಲ್ಲಿ ಒತ್ತುತ್ತಾನೆ, ಎರಡು ದಿನಕ್ಕೆ ಬಾಗಿಲಿಗೆ ಬರುತ್ತದೆ. ಕೆಲವನ್ನು ಫೋನೇ ಓದಿ ಹೇಳುತ್ತದೆ. ಟ್ಯೂಷನ್ ಮುಗಿಸಿ ಬಸ್ಸಿನಲ್ಲಿ ಬರುವಾಗ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾನೆ. ಅವನಿಗೂ ಸುಸ್ತು ಇದೆ. ಬೆನ್ನು ನೋಯುವ ಸುಸ್ತಲ್ಲ, ಬೇರೆ ತರಹದ್ದು. ಅವನ ಶಾಲೆಯ ಮಕ್ಕಳದ್ದೊಂದು ಗುಂಪು ಇದೆ. ಈಚೆಗೆ ಓದಿದ ಕಾದಂಬರಿಯ ಬಗ್ಗೆ ಪ್ರತಿ ಭಾನುವಾರ ಅದರಲ್ಲಿ ಅಭಿಪ್ರಾಯ ಹಾಕಬೇಕು. ಅಭಿಪ್ರಾಯ ಎಂದರೆ ನಕ್ಷತ್ರಗಳು. ಚೆನ್ನಾಗಿದ್ದರೆ ಐದು, ಇಲ್ಲದಿದ್ದರೆ ಒಂದೋ ಎರಡೋ. ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ನಾನು ಅದನ್ನು ಹಳಿಯುವುದಿಲ್ಲ. ನಮಗೆ ಹದಿನೈದು ದಿನಕ್ಕೆ ಒಂದೇ ಪುಸ್ತಕ ಇದ್ದದ್ದರಿಂದ ಹದಿನೈದು ದಿನ ಮಾತಾಡಿದೆವು, ಅಷ್ಟೇ.

ಹೋದ ಭಾನುವಾರ ಅವನು ಒಂದು ಪುಸ್ತಕಕ್ಕೆ ಒಂದೇ ನಕ್ಷತ್ರ ಕೊಟ್ಟ. ಯಾಕಪ್ಪ ಎಂದೆ. ಬೋರು ಎಂದ. ಅದರಲ್ಲಿ ಏನಿದೆ ಎಂದು ಕೇಳಿದೆ. ಒಂದು ಊರಿನಲ್ಲಿ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಗುತ್ತದೆ ಎಂದು ಹೇಳಿ ಬೇರೆ ಕಡೆ ನೋಡಿದ. ಹೋದ ಚಳಿಗಾಲ ನಮ್ಮ ಮನೆಯ ನಾಯಿಯನ್ನೂ ಟೀ ತೋಟದ ಅಂಚಿನಿಂದ ಚಿರತೆ ಒಯ್ದಿತ್ತು. ಎಲ್ಲೋ ಎಸ್ಟೇಟಿನ ಕಡೆ ಹೋಗಿರಬೇಕು, ಬರುತ್ತದೆ ಎಂದು ನಾವೆಲ್ಲ ಅವನಿಗೆ ಹೇಳುತ್ತಿದ್ದೆವು. ನಾನೂ ಹೇಳಿದ್ದೆ.

"ಆ ಕಥೆ ಸರಿಯಾಗಿ ಬರೆದಿದ್ದಾರೋ?" ಎಂದು ಕೇಳಿದೆ.

ಅವನು ಫೋನು ಕೆಳಗಿಟ್ಟ. ಆಮೇಲೆ ಇಲ್ಲ ಅಜ್ಜಿ, ಪುಸ್ತಕದಲ್ಲಿ ನಾಯಿ ಬೊಗಳುತ್ತದೆ, ನಮ್ಮದು ಬೊಗಳಲೇ ಇಲ್ಲ, ನಾನು ಕಿಟಕಿಯಲ್ಲಿದ್ದೆ ಎಂದ. ಅವನು ಕಿಟಕಿಯಲ್ಲಿದ್ದನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಾಲು ಜೋಮು ಹಿಡಿದಿತ್ತು, ಮಾತ್ರೆ ತೆಗೆದುಕೊಳ್ಳುವ ಹೊತ್ತೂ ಆಗಿತ್ತು, ಆದರೆ ನಾನು ಏಳಲಿಲ್ಲ. ಅವನು ಪೂರ್ತಿ ಹೇಳಿದ. ಹೇಳಿ ಮುಗಿಸಿ, ಮೂಗು ಒರೆಸಿಕೊಂಡು, ಫೋನು ಎತ್ತಿಕೊಂಡು ಅದರಲ್ಲಿ ಏನೋ ಒತ್ತಿದ. ನಕ್ಷತ್ರ ಹೆಚ್ಚು ಮಾಡಿದನೋ, ಇದ್ದ ಒಂದನ್ನೂ ತೆಗೆದನೋ, ನಾನು ಕೇಳಲಿಲ್ಲ.